ಹಲ್ಲಿದ್ದರೆ ಬಜೆಟ್ಟಿಲ್ಲ, ಬಜೆಟ್ಟಿದ್ದರೆ ಹಲ್ಲಿಲ್ಲ

ಇಂಗ್ಲೆಂಡಿನ ಬ್ರಿಸ್ಟಲ್‌ನ ಸೇಂಟ್ ಪಾಲ್ಸ್ ಬಡಾವಣೆಯ ಆ ಸಾಲು ನೆನಪಿರಬೇಕು. 2024ರ ಫೆಬ್ರವರಿಯಲ್ಲಿ ಸರ್ಕಾರಿ ದರದ ಹಲ್ಲಿನ ಕ್ಲಿನಿಕ್ಕೊಂದು ಬಾಗಿಲು ತೆರೆದದ್ದೇ ತಡ, ಜಾತ್ರೆ ನೆರೆದಂತೆ ಜನ ನೆರೆದರು. ಕಡೆಗೆ ಪೊಲೀಸರು ಬಂದು ಮಿಕ್ಕವರನ್ನು ಮನೆಗೆ ಕಳಿಸಬೇಕಾಯಿತು. ಇಕ್ಕಳ ಹಿಡಿದು ತಮ್ಮ ಹಲ್ಲನ್ನು ತಾವೇ ಕಿತ್ತುಕೊಂಡವರ ಸುದ್ದಿಯನ್ನೂ ಓದಿರುತ್ತೀರಿ. ಅದನ್ನೆಲ್ಲ ಮತ್ತೆ ಕೆದಕುವುದಿಲ್ಲ. ನಿದ್ದೆ ಕೆಡಿಸಿದ್ದು ಅದರ ನಂತರದ ಲೆಕ್ಕ.

ಇಂಗ್ಲೆಂಡ್ ಸರ್ಕಾರ ಆಗ 'ಹೊಸ ರೋಗಿ ಪ್ರೋತ್ಸಾಹಧನ' ಎಂಬುದನ್ನು ತಂದಿತು. ಎರಡು ವರ್ಷದಿಂದ ದಂತವೈದ್ಯರ ಮುಖ ನೋಡದವರನ್ನು ಕುರ್ಚಿಗೆ ಕೂರಿಸಿದರೆ ವೈದ್ಯರಿಗೆ ತಲೆಗೆ 15 ಅಥವಾ 50 ಪೌಂಡ್ ಹೆಚ್ಚಿಗೆ. ಖರ್ಚಾದದ್ದು ಕನಿಷ್ಠ 88 ಮಿಲಿಯನ್ ಪೌಂಡ್. ಫಲ? ಹೊಸ ರೋಗಿಗಳ ಸಂಖ್ಯೆ ಶೇ 3ರಷ್ಟು ಇಳಿಯಿತು. ಹೌದು, ಇಳಿಯಿತು. ಇದು ನಾನು ಕಟ್ಟಿದ ಕಥೆಯಲ್ಲ, ಅಲ್ಲಿನ ಸಂಸತ್ತಿನ ಲೆಕ್ಕಪತ್ರ ಸಮಿತಿ 2025ರ ಏಪ್ರಿಲ್‌ನಲ್ಲಿ ಬರೆದಿಟ್ಟದ್ದು. ದುಡ್ಡು ಕೊಟ್ಟು ಜನರನ್ನು ಕರೆಯುವುದು ಯಾರಿಗಾದರೂ ಬರುತ್ತದೆ. ದುಡ್ಡು ಕೊಟ್ಟು ಜನರನ್ನು ಕಡಿಮೆ ಮಾಡುವುದಕ್ಕೆ ಆಡಳಿತದ ಅನುಭವ ಬೇಕು.

ಅದೇ ಯೋಜನೆಯಲ್ಲಿ, ವೈದ್ಯರು ಹೋಗದ ಊರುಗಳಿಗೆ ಹೋಗಿ ನೆಲೆಸುವ 240 ಮಂದಿಗೆ ತಲಾ 20,000 ಪೌಂಡ್ ಕೊಡುವ ಏರ್ಪಾಡೂ ಇತ್ತು. ವರ್ಷ ಕಳೆದರೂ ಐದನೇ ಒಂದು ಭಾಗದಷ್ಟು ಜನರೂ ಸಿಗಲಿಲ್ಲ. ಹಳ್ಳಿಗಳಿಗೆ ಹಲ್ಲಿನ ವ್ಯಾನು ಕಳಿಸುತ್ತೇವೆ ಎಂದೂ ಹೇಳಿದ್ದರು. ವ್ಯಾನು ಹೊರಡಲೇ ಇಲ್ಲ, ಕೈಬಿಟ್ಟರು.

ಒಂದು ಊರಿನವರ ಹಲ್ಲಿಗೆ ಸರ್ಕಾರ ಎಷ್ಟು ಖರ್ಚು ಮಾಡಬೇಕೆಂದು ಹೇಗೆ ತೀರ್ಮಾನವಾಗುತ್ತದೆ? ಯಾರಿಗೆ ಎಷ್ಟು ಹುಳುಕು ಇದೆ, ಎಷ್ಟು ಜನ ನೋವು ತಿನ್ನುತ್ತಿದ್ದಾರೆ ಎಂದು ಎಣಿಸಿ ಅಂದುಕೊಂಡರೆ ನೀವು ಇನ್ನೂ ಹಾಲುಹಲ್ಲಿನ ವಯಸ್ಸಿನವರು. ಮೊದಲು ನೋಡುವುದು ಹೋದ ವರ್ಷ ಎಷ್ಟು ಕೊಟ್ಟಿದ್ದೆವು ಎಂಬುದನ್ನು. ಆಮೇಲೆ ಊರಿನಲ್ಲಿ ಎಷ್ಟು ಜನ ದಂತವೈದ್ಯರಿದ್ದಾರೆ ಎಂಬುದನ್ನು, ಏಕೆಂದರೆ ವೈದ್ಯರಿದ್ದ ಕಡೆ ಖರ್ಚಾಗುತ್ತದೆ, ಖರ್ಚಾದ ಕಡೆಗೆ ಮುಂದಿನ ವರ್ಷವೂ ದುಡ್ಡು ಹೋಗುತ್ತದೆ. ವೈದ್ಯರಿಲ್ಲದ ಊರಿನಲ್ಲಿ ಖರ್ಚಿಲ್ಲ. ಖರ್ಚಿಲ್ಲ ಎಂದರೆ ಅಲ್ಲಿ ಬೇಡಿಕೆಯಿಲ್ಲ, ಬೇಡಿಕೆಯಿಲ್ಲ ಎಂದರೆ ಎಲ್ಲರ ಹಲ್ಲೂ ಗಟ್ಟಿ! ಕೊನೆಗೆ ನೋಡುವುದು, ಇದು ನಿಜವಾಗಿ ಎಲ್ಲಕ್ಕಿಂತ ಮುಖ್ಯವಾದದ್ದು: ಬಿಲ್ಲು ಯಾರ ಖಾತೆಗೆ ಬೀಳುತ್ತದೆ?

ಇಂಗ್ಲೆಂಡಿನ 'ಯುಡಿಎ'ಯನ್ನೇ ತೆಗೆದುಕೊಳ್ಳಿ. ಬಿಡಿಸಿ ಹೇಳಿದರೆ 'ಯೂನಿಟ್ ಆಫ್ ಡೆಂಟಲ್ ಆ್ಯಕ್ಟಿವಿಟಿ', ದಂತ ಚಟುವಟಿಕೆಯ ಏಕಮಾನ. ಸೇರು, ಪಾವು, ಚಟಾಕು ಇದ್ದ ಹಾಗೆ ಹಲ್ಲಿಗೂ ಒಂದು ಅಳತೆ, ವೈದ್ಯರಿಗೆ ಸರ್ಕಾರ ದುಡ್ಡು ಕೊಡುವುದು ಇದರ ಲೆಕ್ಕದಲ್ಲಿ. 2006ರ ಏಪ್ರಿಲ್ 1ರಂದು ಜಾರಿಗೆ ಬಂತು, ತಾರೀಖನ್ನು ಆರಿಸಿದವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ಆಗಿನ ಲೆಕ್ಕ ಹೀಗೆ: ಬಾಯಿ ತೆರೆಸಿ ನೋಡಿದರೆ 1 ಯುಡಿಎ. ಫಿಲ್ಲಿಂಗ್, ಹಲ್ಲು ಕೀಳುವುದು, ರೂಟ್ ಕೆನಾಲ್ ಎಲ್ಲಕ್ಕೂ 3. ಕ್ಯಾಪ್, ಬ್ರಿಡ್ಜ್, ಹಲ್ಲು ಸೆಟ್ಟಿಗೆ 12. ಒಂದು ಫಿಲ್ಲಿಂಗ್ ಮಾಡಿದರೂ 3, ಆರು ಫಿಲ್ಲಿಂಗ್ ಮಾಡಿ ಜೊತೆಗೆ ಒಂದು ಹಲ್ಲು ಕಿತ್ತರೂ 3.

ಇದರ ಸೌಂದರ್ಯ ತಿಳಿಯಬೇಕಾದರೆ ಮೇಲಿನ ಮೊದಲನೇ ದವಡೆ ಹಲ್ಲಿನ ರೂಟ್ ಕೆನಾಲನ್ನು ಹತ್ತಿರದಿಂದ ನೋಡಬೇಕು. ಮೊದಲು ಸೂಜಿ, ಮರಗಟ್ಟುವವರೆಗೆ ಕಾಯುವುದು. ಹಲ್ಲಿಗೆ ಕ್ಲ್ಯಾಂಪ್ ಹಾಕಿ ರಬ್ಬರ್ ಡ್ಯಾಮ್ ಕಟ್ಟುವುದು. ಇಲ್ಲದಿದ್ದರೆ ಉಗುಳು ಒಳಗಿಳಿಯುತ್ತದೆ, ನಾಳ ಉಜ್ಜುವ ಸೂಜಿಯಂಥ ಫೈಲು ಜಾರಿದರೆ ಗಂಟಲಿಗೇ ಇಳಿಯುತ್ತದೆ. ಮೇಲಿನಿಂದ ಕೊರೆದು ಬೇರಿನೊಳಗಿನ ನಾಳಗಳ ಬಾಯಿ ಹುಡುಕುವುದು. ಮೂರು ಸಲೀಸಾಗಿ ಸಿಗುತ್ತವೆ. ನಾಲ್ಕನೆಯದು ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ, ಮೊದಲನೆಯದರ ಬೆನ್ನಿಗೆ ಅಡಗಿ ಕೂತಿರುತ್ತದೆ. ಅದನ್ನು ಬಿಟ್ಟರೆ ಕೆಲವು ತಿಂಗಳಿಗೋ ವರ್ಷಕ್ಕೋ ಮತ್ತೆ ಕೀವು. ಆಮೇಲೆ ಪ್ರತಿ ನಾಳದ ಉದ್ದ ಅಳೆಯಬೇಕು, ಎಕ್ಸ್‌ರೇ ತೆಗೆಯಬೇಕು, ಫೈಲಿನಿಂದ ಸ್ವಲ್ಪ ಸ್ವಲ್ಪವೇ ಅಗಲ ಮಾಡಬೇಕು, ಪ್ರತಿ ಫೈಲಿನ ನಡುವೆ ಹೈಪೋಕ್ಲೋರೈಟ್‌ನಲ್ಲಿ ತೊಳೆಯಬೇಕು, ಒಣಗಿಸಬೇಕು, ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಬೇಕು, ಮೇಲೆ ಮುಚ್ಚಬೇಕು. ಅವಸರ ಮಾಡಿದರೆ ಫೈಲು ಒಳಗೇ ಮುರಿಯುತ್ತದೆ. ಒಂದೂವರೆ ಗಂಟೆ ಹಿಡಿಯುವ ಕೆಲಸ, ಎಷ್ಟೋ ಸಲ ಎರಡು ಭೇಟಿ.

ಅದೇ ಹಲ್ಲನ್ನು ಕೀಳಲು, ಬೇರು ತಕರಾರು ಮಾಡದಿದ್ದರೆ, ಸೂಜಿಯೂ ಸೇರಿ ಇಪ್ಪತ್ತು ನಿಮಿಷ.

ಎರಡಕ್ಕೂ 3 ಯುಡಿಎ ಇತ್ತು. ಈ ತಕ್ಕಡಿಯಲ್ಲಿ ಏನಾಗುತ್ತದೆಂದು ಹೇಳಲು ಅರ್ಥಶಾಸ್ತ್ರಜ್ಞರು ಬೇಕಿಲ್ಲ, ಸಂತೆಯಲ್ಲಿ ಸೊಪ್ಪು ಮಾರುವವರನ್ನು ಕೇಳಿದರೂ ಸಾಕಿತ್ತು. ಆದರೂ ಸಂಸತ್ತಿನ ಆರೋಗ್ಯ ಸಮಿತಿ 2008ರಲ್ಲಿ ಕೂತು ಎಣಿಸಿತು: ರೂಟ್ ಕೆನಾಲ್‌ಗಳು 2004ಕ್ಕೆ ಹೋಲಿಸಿದರೆ ಶೇ 45ರಷ್ಟು ಇಳಿದಿದ್ದವು. ತಿದ್ದುಪಡಿ ಬಂತು, ಬರಲಿಲ್ಲ ಎನ್ನುವಂತಿಲ್ಲ. 2022ರ ನವೆಂಬರ್‌ನಲ್ಲಿ. ಈಗ ಮೂರು ಅಥವಾ ಹೆಚ್ಚು ಹಲ್ಲಿಗೆ ಕೆಲಸ ಮಾಡಿದರೆ 5, ದವಡೆ ಹಲ್ಲಿನ ರೂಟ್ ಕೆನಾಲ್‌ಗೆ 7. ನಡುವಿನ ಹದಿನಾರು ವರ್ಷ ದವಡೆ ಹಲ್ಲುಗಳು ತಟ್ಟೆಗೆ ಬೀಳುತ್ತಿದ್ದವು, ಟಣ್ ಟಣ್ ಎಂದು.

ಒಂದು ಯುಡಿಎಗೆ ಎಷ್ಟು ದುಡ್ಡು? ಅದು ಇನ್ನೊಂದು ಪುರಾಣ. ಒಂದೇ ಬೀದಿಯ ಎರಡು ಕ್ಲಿನಿಕ್ಕುಗಳಿಗೆ ಎರಡು ದರ ಇರಬಹುದು. ಏಕೆಂದರೆ ಹೊಸ ಪದ್ಧತಿ ತರುವಾಗ 2004ರ ಅಕ್ಟೋಬರ್‌ನಿಂದ 2005ರ ಸೆಪ್ಟೆಂಬರ್‌ವರೆಗೆ ಆಯಾ ಕ್ಲಿನಿಕ್ಕು ಎಷ್ಟು ಕೆಲಸ ಮಾಡಿ ಎಷ್ಟು ಗಳಿಸಿತ್ತೋ ಅದನ್ನೇ ಭಾಗಿಸಿ ದರ ಕಟ್ಟಿದರು. ಆ ಹನ್ನೆರಡು ತಿಂಗಳಲ್ಲಿ ವೈದ್ಯರು ಆರು ವಾರ ಕಾಯಿಲೆ ಬಿದ್ದಿದ್ದರೆ ಅದೂ ಅವರ ಹಣೆಬರಹದಲ್ಲಿ ಸೇರಿತು. ಆಮೇಲೆ ಕನಿಷ್ಠ ದರ ಎಂದು 2022ರಲ್ಲಿ 23 ಪೌಂಡ್, 2024ರಲ್ಲಿ 28 ಪೌಂಡ್ ಮಾಡಿದ್ದಾರೆ. ಮೂಲ ಲೆಕ್ಕ ಮಾತ್ರ ಅದೇ. ಆ ವರ್ಷ ಹುಟ್ಟಿದ ಕೂಸಿಗೆ ಈಗ ಬುದ್ಧಿಹಲ್ಲು ಬಂದಿದೆ. ಒಪ್ಪಂದಕ್ಕೆ ಬಂದಿಲ್ಲ.

ಇನ್ನು ವಾಪಸಾತಿ. ಒಂದು ಕ್ಲಿನಿಕ್ಕು ವರ್ಷಕ್ಕೆ 10,000 ಯುಡಿಎ ಮಾಡುತ್ತೇನೆಂದು ಒಪ್ಪಿಕೊಂಡಿದೆ ಎನ್ನಿ. 9,600 ಮಾಡಿದರೆ ಬಚಾವು, ಉಳಿದ 400 ಮುಂದಿನ ವರ್ಷಕ್ಕೆ. 9,500ಕ್ಕೆ ನಿಂತರೆ ಶೇ 96ರ ಗೆರೆ ದಾಟಲಿಲ್ಲ ಎಂದು 500ರ ದುಡ್ಡು ಕಕ್ಕಬೇಕು. ಸಹಾಯಕರು ಬಿಟ್ಟು ಹೋದರು, ಹೊಸಬರು ಸಿಗಲಿಲ್ಲ ಎಂಬುದು ಕಾರಣವೇ ಅಲ್ಲ. ಸರಿ, ಹೆಚ್ಚು ಮಾಡಿದರೆ? ಒಂದು ಮಿತಿ ದಾಟಿದ ಮೇಲೆ ಮಾಡಿದ್ದೆಲ್ಲ ಧರ್ಮಕ್ಕೆ. ಹಾಗಾಗಿ ಫೆಬ್ರವರಿಯಲ್ಲಿ ಗುರಿ ಮುಟ್ಟಿದವರು ಹಲ್ಲುನೋವಿನವರಿಗೆ ಏಪ್ರಿಲ್‌ನಲ್ಲಿ ಬನ್ನಿ ಎನ್ನುತ್ತಾರೆ, ಮುಟ್ಟದವರು ತಪಾಸಣೆಗೆಂದು ಗಟ್ಟಿಮುಟ್ಟು ಹಲ್ಲಿನವರನ್ನು ಕರೆಯುತ್ತಾರೆ. ಆರೋಗ್ಯವಂತರ ಬಾಯಿ ನೋಡಿ 1 ಯುಡಿಎ ಪಡೆಯಲು ಹತ್ತು ನಿಮಿಷ ಸಾಕು. ಎಂಟು ಹುಳುಕಿನ ಬಾಯಿ ಯಾರಿಗೆ ಬೇಕು?

ಹೀಗೆ ವಾಪಸ್ ಬಂದ ದುಡ್ಡು ಇನ್ನೊಂದು ಹಲ್ಲಿಗೆ ಹೋಗುತ್ತದೆ ಎಂದುಕೊಂಡಿರಾ? ಬೇರೆ ಖಾತೆಗಳ ತೂತು ಮುಚ್ಚಲು ಹೋದದ್ದೂ ಉಂಟು. ಫಿಲ್ಲಿಂಗ್ ಆಯಿತಲ್ಲ, ಸಾಕು. ಅಷ್ಟಾಗಿ, ಇರುವ ದುಡ್ಡನ್ನೆಲ್ಲ ಖರ್ಚು ಮಾಡಿದರೂ ಎರಡು ವರ್ಷದಲ್ಲಿ ಸುಮಾರು ಅರ್ಧ ಜನಸಂಖ್ಯೆಗಷ್ಟೇ ಎಟಕುವ ಏರ್ಪಾಡು ಅದು ಎಂದು ಅದೇ ಲೆಕ್ಕಪತ್ರ ಸಮಿತಿ ಹೇಳಿದೆ. ಅರ್ಧ ಜನಕ್ಕೆ ಸಾಲುವ ದುಡ್ಡಿನಲ್ಲೂ ಉಳಿತಾಯ ಮಾಡುವ ಮನೆವಾರ್ತೆಯನ್ನು ಮೆಚ್ಚಲೇಬೇಕು.

ಹಲ್ಲು ಸೆಟ್ಟಿನ ವಿಷಯ ಬಂದದ್ದರಿಂದ ಒಂದು ಹಳೆಯ ಮಾತು. 1948ರಲ್ಲಿ ಬ್ರಿಟನ್ನಿನ ಆರೋಗ್ಯ ಸೇವೆ ಶುರುವಾದಾಗ ಹಲ್ಲು ಸೆಟ್ಟು ಪುಕ್ಕಟೆ. ಜನ ಮುಗಿಬಿದ್ದರು. ಅಷ್ಟು ಬೊಚ್ಚುಬಾಯಿಗಳು ದೇಶದಲ್ಲಿವೆ ಎಂಬುದು ಅಲ್ಲಿಯವರೆಗೆ ಯಾವ ಕಡತದಲ್ಲೂ ಇರಲಿಲ್ಲ. 1951ರಲ್ಲಿ ಕೊರಿಯಾ ಯುದ್ಧ, ಶಸ್ತ್ರಾಸ್ತ್ರದ ಖರ್ಚು. ಹಣಕಾಸು ಸಚಿವ ಹ್ಯೂ ಗೇಟ್ಸ್‌ಕೆಲ್ ಎಲ್ಲಿ ಕತ್ತರಿ ಹಾಕುವುದೆಂದು ಹುಡುಕಿ ಹುಡುಕಿ ಕಂಡುಕೊಂಡದ್ದು ಮುದುಕರ ಹಲ್ಲು ಮತ್ತು ಕನ್ನಡಕ: ಅರ್ಧ ದುಡ್ಡು ನೀವೇ ಕೊಡಿ. ಟ್ಯಾಂಕು, ವಿಮಾನಗಳ ಕೋಟಿಗಟ್ಟಲೆ ಲೆಕ್ಕದ ಮುಂದೆ ಅದರಿಂದ ಆ ವರ್ಷ ಉಳಿಯುವುದು ಸುಮಾರು 13 ಮಿಲಿಯನ್ ಪೌಂಡ್. ಆರೋಗ್ಯ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ರಾಜೀನಾಮೆ ಬಿಸಾಕಿ ಹೋದರು. ಮುಂದೆ ಪ್ರಧಾನಿಯಾದ ಹೆರಾಲ್ಡ್ ವಿಲ್ಸನ್ ಕೂಡ ಅವರ ಹಿಂದೆಯೇ ನಡೆದರು. ಹಲ್ಲು ಸೆಟ್ಟಿಗಾಗಿ ಸಚಿವರು ಕುರ್ಚಿ ಬಿಟ್ಟ ಕಾಲವೂ ಒಂದಿತ್ತು ಎಂದರೆ ಈಗ ಯಾರು ನಂಬುತ್ತಾರೆ.

ಆ ಒಂದು ನಿರ್ಧಾರ ಉಳಿದವರಿಗೆ ಪಾಠವಾಯಿತೇನೋ. ಕತ್ತರಿ ಎಂದರೆ ಮೊದಲು ಬಾಯಿಗೇ. ಅಮೆರಿಕದಲ್ಲಿ 1965ರಲ್ಲಿ ವೃದ್ಧರಿಗೆಂದು ಮೆಡಿಕೇರ್ ಎಂಬ ಸರ್ಕಾರಿ ವಿಮೆ ಬಂತು, ಅದರ ಕಾನೂನೇ ಮಾಮೂಲಿ ದಂತ ಚಿಕಿತ್ಸೆಯನ್ನು ಹೊರಗಿಟ್ಟಿತು. ಕೆನಡಾ, ಆಸ್ಟ್ರೇಲಿಯಾಗಳಲ್ಲೂ ಎಲ್ಲರಿಗೂ ವಿಮೆ ಬಂದಾಗ ಹಲ್ಲು ಪಟ್ಟಿಯಲ್ಲಿರಲಿಲ್ಲ. ತುಟಿಯವರೆಗೆ ದೇಹ, ಗಂಟಲಿನಿಂದ ಕೆಳಗೂ ದೇಹ. ನಡುವಿನದು ಖಾಸಗಿ ಆಸ್ತಿ.

ಫಿನ್ಲೆಂಡಿನವರು ಇದಕ್ಕಿಂತ ಶಿಸ್ತಿನವರು. ಅಲ್ಲಿ ಹಲ್ಲಿಗೆ ಜನನ ಪ್ರಮಾಣಪತ್ರ ಕೇಳುತ್ತಿದ್ದರು. 1956ಕ್ಕೆ ಮೊದಲು ಹುಟ್ಟಿದವರಿಗೆ ಹೆಚ್ಚಿನ ಕಡೆ ಸರ್ಕಾರಿ ನೆರವಿನ ದಂತ ಚಿಕಿತ್ಸೆ ಇಲ್ಲ. ಆಮೇಲೆ ಹುಟ್ಟಿದವರಿಗೆ ಉಂಟು. 1955ರ ಡಿಸೆಂಬರ್ 31ರ ರಾತ್ರಿ ಹೆರಿಗೆ ನೋವು ಶುರುವಾದ ತಾಯಂದಿರಿಗೆ ಸ್ವಲ್ಪ ತಡೆದುಕೊಳ್ಳಿ ಎಂದು ಹೇಳುವವರು ಯಾರೂ ಇರಲಿಲ್ಲ, ಪಾಪ. 2002ರ ಕೊನೆಗೆ ಬಾಗಿಲು ಎಲ್ಲರಿಗೂ ತೆರೆಯಿತು. ಐವತ್ತು ದಾಟಿದವರೆಲ್ಲ ಒಟ್ಟಿಗೆ ನುಗ್ಗಿದರು, ಸಾಲು ಬೆಳೆಯಿತು.

ಸಾಲು ಬೆಳೆದರೆ ಮುನಿಸಿಪಾಲಿಟಿಗೆ ತಲೆನೋವು ಅಂದುಕೊಳ್ಳುತ್ತೀರಿ. ಲೆಕ್ಕ ನೋಡಿ. 2022ರ ಕೊನೆಯವರೆಗೆ ಸರ್ಕಾರಿ ಕ್ಲಿನಿಕ್ಕಿಗೆ ಬಂದ ರೋಗಿಯ ಖರ್ಚು ಮುನಿಸಿಪಾಲಿಟಿಯದಾಗಿತ್ತು. ಅದೇ ರೋಗಿ ಕಾದು ಸಾಕಾಗಿ ಖಾಸಗಿ ವೈದ್ಯರ ಬಳಿ ಹೋದರೆ, ಬಿಲ್ಲಿನ ಒಂದು ಪಾಲನ್ನು ಭರಿಸುವುದು ಕೇಂದ್ರದ ವಿಮಾ ಸಂಸ್ಥೆ 'ಕೆಲಾ', ಮಿಕ್ಕದ್ದು ರೋಗಿಯ ಜೇಬು. ಅಂದರೆ ಸಾಲು ಉದ್ದವಾದಷ್ಟೂ ಊರಿನ ಖಜಾನೆ ತಣ್ಣಗೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುತ್ತಾರೆ. ಇಲ್ಲಿ ಎಲ್ಲರದೂ ಹಲ್ಲು, ಬೇರೆಯವರದೇ ದುಡ್ಡು. ಹೀಗೆ ಯಾರೂ ಸಭೆಯಲ್ಲಿ ಕೂತು ಮಸಲತ್ತು ಮಾಡುವುದಿಲ್ಲ. ಖಾಲಿಯಾದ ಹುದ್ದೆಗೆ ಅರ್ಜಿ ಕರೆಯುವುದು ಮೂರು ತಿಂಗಳು ತಡವಾಗುತ್ತದೆ, ಅಷ್ಟೆ. ಖಾಸಗಿ ಕ್ಲಿನಿಕ್ಕು ಹೆಚ್ಚಿರುವ ದೊಡ್ಡ ಊರಿನಲ್ಲಿ ಈ ತಡ ಯಾರಿಗೂ ಕಾಣುವುದೂ ಇಲ್ಲ. ಒಂದೇ ಕ್ಲಿನಿಕ್ಕಿರುವ ಸಣ್ಣ ಊರಿನಲ್ಲಿ ಕೆನ್ನೆ ಊದಿಕೊಂಡು ಕಾಣುತ್ತದೆ. 2023ರಿಂದ ಆ ಕೆಲಸ ಮುನಿಸಿಪಾಲಿಟಿಗಳ ಕೈಬಿಟ್ಟು 21 ದೊಡ್ಡ ಪ್ರಾಂತ್ಯಗಳಿಗೆ ಹೋಗಿದೆ, ಹೆಲ್ಸಿಂಕಿ ಮಾತ್ರ ಬೇರೆ. ಖಾತೆಯ ಹೆಸರು ಬದಲಾಯಿತು.

ಸ್ವೀಡನ್ನಿನಲ್ಲಿ 23 ವರ್ಷದವರೆಗೆ ಇದ್ದ ಉಚಿತ ಚಿಕಿತ್ಸೆಯನ್ನು 2025ರಲ್ಲಿ 19ಕ್ಕೆ ಇಳಿಸಿ, ಆ ದುಡ್ಡನ್ನು ವೃದ್ಧರ ಕಡೆ ತಿರುಗಿಸಿದರು. ವೃದ್ಧರಿಗೆ ಬೇಕು, ನಿಜ. ವೃದ್ಧರು ತಪ್ಪದೆ ವೋಟು ಹಾಕುತ್ತಾರೆ ಎಂಬುದೂ ನಿಜ.

ಸರ್ಕಾರಿ ಕ್ಲಿನಿಕ್ಕನ್ನೇ ಗಟ್ಟಿ ಮಾಡೋಣ ಎಂದು ಹೊರಟ ಕಡೆ ಏನಾಗುತ್ತದೆ? ಇದಕ್ಕೆ ದೇಶ ಭಾಷೆ ಬೇಡ, ಎಲ್ಲ ಕಡೆ ಒಂದೇ ಕಥೆ: ಕುರ್ಚಿ ಬರುತ್ತದೆ. ಕುರ್ಚಿಗೆ ರಿಬ್ಬನ್ ಕಟ್ಟಬಹುದು, ಕತ್ತರಿಸಬಹುದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಅದು ಬಂಡವಾಳ ವೆಚ್ಚ. ಅದರ ಜೊತೆ ಒಂದು ಏರೊಟರ್ ಬರುತ್ತದೆ, ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಆ ಕೊರೆಯುವ ಕೈ. ಪ್ರತಿ ರೋಗಿಯ ನಂತರ ಅದನ್ನು ತೊಳೆದು, ಎಣ್ಣೆ ಬಿಟ್ಟು, ಪೊಟ್ಟಣ ಕಟ್ಟಿ ಆಟೊಕ್ಲೇವ್ ಎಂಬ ಹಬೆ ಪೆಟ್ಟಿಗೆಗೆ ಹಾಕಬೇಕು. 134 ಡಿಗ್ರಿಯಲ್ಲಿ ಮೂರು ನಿಮಿಷ ಎಂದು ಪುಸ್ತಕದಲ್ಲಿದೆ, ಆದರೆ ಬಿಸಿಯೇರಿ, ಒಣಗಿ, ಆರಿ ಕೈಗೆ ಬರುವಷ್ಟರಲ್ಲಿ ಒಂದು ಗಂಟೆ. ಒಂದೇ ಏರೊಟರ್ ಇದ್ದರೆ ದಿನಕ್ಕೆ ಐದಾರು ಮಂದಿ, ಮುಗಿಯಿತು. ಇಪ್ಪತ್ತು ಜನರನ್ನು ನೋಡಬೇಕಾದರೆ ನಾಲ್ಕಾದರೂ ಏರೊಟರ್ ಬೇಕು. ಅವಕ್ಕೆ ರಿಬ್ಬನ್ ಕಟ್ಟಲು ಜಾಗವಿಲ್ಲ.

ಏರೊಟರನ್ನು ತಿರುಗಿಸುವ ಗಾಳಿಯ ಕಂಪ್ರೆಸರ್ ಎಣ್ಣೆರಹಿತವೇ ಆಗಬೇಕು. ಟೆಂಡರಿನಲ್ಲಿ ಆ ಒಂದು ಪದ ಬಿಟ್ಟುಹೋದರೆ ಗಾಳಿಯ ಜೊತೆ ಎಣ್ಣೆಯ ಹಬೆ ಬಂದು ಫಿಲ್ಲಿಂಗ್ ಅಂಟುವುದೇ ಇಲ್ಲ. ಅದರ ಟ್ಯಾಂಕಿನ ತಳದ ನೀರನ್ನು ದಿನಾ ಸಂಜೆ ಬಿಡಬೇಕು. ಅದು ಯಾರ ಕೆಲಸ ಎಂದು ಯಾವ ಆದೇಶದಲ್ಲೂ ಬರೆದಿರುವುದಿಲ್ಲ. ಬಿಡದಿದ್ದರೆ ಒದ್ದೆ ಗಾಳಿ ಏರೊಟರಿಗೆ ಹೋಗಿ ಬೇರಿಂಗ್ ತುಕ್ಕು ಹಿಡಿಯುತ್ತದೆ, ಕಿರ್ ಎನ್ನುತ್ತದೆ, ಒಂದು ದಿನ ನಿಲ್ಲುತ್ತದೆ. ಹೊಸ ಕಾರ್ಟ್ರಿಜ್ ಹಾಕಿದರೆ ಸರಿ. ಕಾರ್ಟ್ರಿಜ್ ಆವರ್ತಕ ವೆಚ್ಚ, ಆ ಖಾತೆಯಲ್ಲಿ ದುಡ್ಡಿಲ್ಲ. ಬಂಡವಾಳ ಖಾತೆಯಲ್ಲಿದೆ. ಹಾಗಾಗಿ ಇನ್ನೊಂದು ಕುರ್ಚಿ ಬರುತ್ತದೆ! ಅಲ್ಲಿಯವರೆಗೆ ಕರೆಂಟಿಲ್ಲದೆಯೂ ಆಗುವ ಒಂದು ಚಿಕಿತ್ಸೆ ನಡೆಯುತ್ತಿರುತ್ತದೆ, ಇಕ್ಕಳದ್ದು. ವರ್ಷದ ಕೊನೆಗೆ ಅಂಕಿಅಂಶ ನೋಡಿದವರು, ಇಲ್ಲಿ ಜನ ಹಲ್ಲು ಕೀಳಿಸಿಕೊಳ್ಳಲು ಮಾತ್ರ ಬರುತ್ತಾರೆ, ಫಿಲ್ಲಿಂಗಿಗೆ ಬೇಡಿಕೆಯಿಲ್ಲ ಎಂದು ಟಿಪ್ಪಣಿ ಬರೆಯುತ್ತಾರೆ.

ಕೆನಡಾದ ಕ್ಯಾಲ್ಗರಿಯ ನಗರಸಭೆಯವರು ಇಷ್ಟೆಲ್ಲ ಸುತ್ತಲಿಲ್ಲ. ಕುಡಿಯುವ ನೀರಿಗೆ ಹುಳುಕು ತಡೆಯುವ ಫ್ಲೋರೈಡ್ ಬೆರೆಸಲು ವರ್ಷಕ್ಕೆ ಏಳೂವರೆ ಲಕ್ಷ ಡಾಲರ್ ಏಕೆ ಎಂದು 2011ರಲ್ಲಿ ಪಂಪು ನಿಲ್ಲಿಸಿದರು. ಉಳಿತಾಯ ನಗರಸಭೆಯದು. ಅದೇ ಪ್ರಾಂತ್ಯದ ಎಡ್ಮಂಟನ್ ಬೆರೆಸುತ್ತಲೇ ಇತ್ತು. ಏಳೆಂಟು ವರ್ಷದ ನಂತರ ಎರಡೂ ಊರಿನ ಎರಡನೇ ತರಗತಿ ಮಕ್ಕಳ ಬಾಯಿ ನೋಡಿದರು: ಹುಳುಕಿದ್ದವರು ಕ್ಯಾಲ್ಗರಿಯಲ್ಲಿ ಶೇ 64.8, ಎಡ್ಮಂಟನ್‌ನಲ್ಲಿ ಶೇ 55.1. ಆ ಮಕ್ಕಳ ಆಸ್ಪತ್ರೆ ಬಿಲ್ಲು ನಗರಸಭೆಗೆ ಬರುವುದಿಲ್ಲ. ಅದು ಪ್ರಾಂತ್ಯದ್ದು, ಇಲ್ಲವೇ ಅಪ್ಪ ಅಮ್ಮನದು. 2021ರಲ್ಲಿ ಜನರೇ ಮತ ಹಾಕಿ ಮತ್ತೆ ಬೇಕೆಂದರು, ಶೇ 62 ಮಂದಿ. 2025ರ ಜೂನ್ 30ರಂದು ಪಂಪು ಮತ್ತೆ ಶುರುವಾಯಿತು. ತುಕ್ಕು ಹಿಡಿದ ಏರ್ಪಾಡನ್ನು ಹೊಸದಾಗಿ ಕಟ್ಟಲು ಆದ ಖರ್ಚು 28.1 ಮಿಲಿಯನ್ ಡಾಲರ್. ಏಳೂವರೆ ಲಕ್ಷದ ಲೆಕ್ಕದಲ್ಲಿ ಮೂವತ್ತೇಳು ವರ್ಷ ಬೆರೆಸಬಹುದಿತ್ತು.

ನಗುವಷ್ಟು ನಕ್ಕಾಯಿತು. ಇಂಗ್ಲೆಂಡಿನಲ್ಲಿ 5ರಿಂದ 9 ವರ್ಷದ ಮಕ್ಕಳು ಆಸ್ಪತ್ರೆಗೆ ಸೇರುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಏನು ಗೊತ್ತೆ? ಹುಳುಕು ಹಲ್ಲು. ಒಂದೆರಡಲ್ಲ, ಮೂರು, ಐದು, ಎಂಟು ಹಲ್ಲು ಒಂದೇ ಸಲ ಕೀಳಬೇಕು, ಎಚ್ಚರವಿದ್ದಾಗ ಆ ವಯಸ್ಸಿನ ಮಗು ಸಹಿಸುವುದಿಲ್ಲ. ಪೂರ್ತಿ ಅರಿವಳಿಕೆಯೇ ಬೇಕು. ಖಾಲಿ ಹೊಟ್ಟೆ, ಮುಖದ ಮೇಲೆ ಮಾಸ್ಕು, ಗಂಟಲಿಗೆ ಬಟ್ಟೆಯ ಅಡ್ಡ. ಆ ಸರದಿ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ರಾತ್ರಿ ನಿದ್ದೆಯಿಲ್ಲ, ಶಾಲೆಯಿಲ್ಲ, ಕೀವಾದಾಗಲೆಲ್ಲ ಮತ್ತೊಂದು ಸುತ್ತು ಆ್ಯಂಟಿಬಯಾಟಿಕ್.

ಇದನ್ನು ತಡೆಯುವುದು ಹೇಗೆಂದು ಗೊತ್ತಿಲ್ಲದೆ ಅಲ್ಲ. ಅಂಗನವಾಡಿ ವಯಸ್ಸಿನ ಮಕ್ಕಳನ್ನು ದಿನಕ್ಕೊಮ್ಮೆ ಕೂರಿಸಿ ಹಲ್ಲುಜ್ಜಿಸುವುದು. ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟು, ಮೂರು ವರ್ಷದೊಳಗಿನವರಿಗೆ ಬರೀ ಸವರಿದಷ್ಟು. ಉಗುಳಬೇಕು, ಬಾಯಿ ಮುಕ್ಕಳಿಸಬಾರದು. ಹೆಸರು ಬರೆದ ಬ್ರಷ್ಷುಗಳು ಒಂದಕ್ಕೊಂದು ತಾಗದಂತೆ ಗಾಳಿಯಾಡುವ ಸ್ಟ್ಯಾಂಡಿನಲ್ಲಿ. ಹುಳುಕು ಹೆಚ್ಚಿರುವ ಬಡ ಬಡಾವಣೆಗಳಲ್ಲಿ ಹೀಗೆ ಮಾಡಿದರೆ ಹಾಕಿದ ಒಂದೊಂದು ಪೌಂಡಿಗೆ ಐದು ವರ್ಷದಲ್ಲಿ 3.06 ಪೌಂಡ್ ಉಳಿಯುತ್ತದೆ ಎಂದು ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆಯೇ 2016ರಲ್ಲಿ ಲೆಕ್ಕ ಕೊಟ್ಟಿದೆ. ನೀರಿಗೆ ಫ್ಲೋರೈಡ್ ಹಾಕಿದರೆ 12.71.

ಆದರೆ ಹಲ್ಲುಜ್ಜಿಸುವುದು ನಗರಸಭೆಯ ಕೆಲಸ, 2013ರಿಂದ. ನೀರಿಗೆ ಫ್ಲೋರೈಡ್ ಬೆರೆಸುವ ಅಧಿಕಾರವನ್ನು 2022ರ ಕಾನೂನು ನಗರಸಭೆಯಿಂದ ಕಿತ್ತು ಸಚಿವರಿಗೆ ಕೊಟ್ಟಿದೆ. ಕೊರೆಯುವುದು, ಕೀಳುವುದು ಆರೋಗ್ಯ ಮಂಡಳಿಗಳ ಪಾಲು. ಬ್ರಷ್ಷಿಗೆ ದುಡ್ಡು ಹಾಕುವ ನಗರಸಭೆಗೆ ಆ ಮೂರು ಪೌಂಡ್ ಎಂದೂ ಕಾಣುವುದಿಲ್ಲ, ಅದು ಆಸ್ಪತ್ರೆಯ ಪುಸ್ತಕದಲ್ಲಿ ಉಳಿಯುತ್ತದೆ. ಅನುದಾನ ಕಡಿಮೆಯಾದ ವರ್ಷ ನಗರಸಭೆಯ ಹಿಸಾಬಿನವರು ಪಟ್ಟಿಯ ಮೇಲಿನಿಂದ ಕೆಳಗೆ ಕಣ್ಣಾಡಿಸಿ, ಕಾನೂನು ಇಂಥದ್ದನ್ನೇ ಮಾಡು ಎಂದು ಒತ್ತಾಯಿಸದ ಬಾಬತ್ತು ಯಾವುದೆಂದು ಹುಡುಕುತ್ತಾರೆ. ಬ್ರಷ್ಷು, ಪೇಸ್ಟು, ಸ್ಟ್ಯಾಂಡು. ಗೆರೆ ಎಳೆಯುತ್ತಾರೆ. ಎರಡು ವರ್ಷದ ನಂತರ ಆ ಬಡಾವಣೆಯ ಆರು ವರ್ಷದ ಮಗುವಿನ ನಾಲ್ಕು ದವಡೆ ಹಲ್ಲು ಒಂದೇ ಬೆಳಗ್ಗೆ ಹೋಗುತ್ತವೆ. ನಗರಸಭೆಯ ಪುಸ್ತಕದಲ್ಲಿ ಅದು ಆಗಲೇ ಉಳಿತಾಯ ಎಂದು ದಾಖಲಾಗಿರುತ್ತದೆ.